ಮೂರು ಬುಟ್ಟಿ

ಸಾಣಿಕಟ್ಟೆಯ ಆಗರದಲ್ಲಿ ಮೊದಲ ದಿನ
ಬುಟ್ಟಿ ಎತ್ತಲು ನಡುವನ್ನೇ ಬಗ್ಗಿಸಿದೆ.
ಮಂಕಾಳಮ್ಮ ಉಪ್ಪೆಳೆವ ಹಲಗೆಯ ಹಿಡಿಯಿಂದ
ನನ್ನ ಮಂಡಿಗೆ ತಟ್ಟಿದಳು:
ಇದು ಎಂತಕ್ಕೆ ಉಂಟು, ದೇವರೆದುರು ಊರಲಿಕ್ಕೆ ಮಾತ್ರವಾ?

ಕೂತೆ. ಎದ್ದೆ.
ಹೊಟ್ಟೆಗೆ ತಾಗಿಸಿ ಹಿಡಿ, ಬಸುರಿನ ಹಾಗೆ,
ದೂರ ಹಿಡಿದರೆ ಯಾರದೋ ಮಗು.
ತಿರುಗುವುದಾದರೆ ಪಾದ ತಿರುಗಿಸು,
ಸೊಂಟವೇನು ಕದದ ತಿರುಗಣಿಯಲ್ಲ.
ಬೆಳಗಿನ ಉಪ್ಪು ಇನ್ನೂ ನೀರು ಕುಡಿದಿರುತ್ತದೆ,
ಬದುವಿನ ಮೇಲೆ ಬಸಿಯಲಿ, ಬಿಡು.

ಲೆಕ್ಕದ ವಿಠೋಬ ಕೊಡೆ ಹಿಡಿದು ಬಂದ.
ಈ ಹುಡುಗಿಯದು ಎಷ್ಟು?
ಇಪ್ಪತ್ತು, ಎಂದಳು.
ಹದಿನೇಳಾಗಿತ್ತು.
ನಾನು ಬಾಯಿ ತೆರೆದೆ, ಅವಳು ನೋಡಿದಳು,
ಮುಚ್ಚಿದೆ.

ಗಂಜಿಯ ಹೊತ್ತಿಗೆ ಎಲ್ಲರೂ ನೆರಳಲ್ಲಿ ಕೂತರು.
ಅವಳು ಮಾತ್ರ ಉಪ್ಪಿನ ರಾಶಿಗೆ ಒರಗಿ
ನಿಂತೇ ಉಂಡಳು.
ತಟ್ಟೆಯಿಂದ ಜಾರಿತು ಸುಟ್ಟ ಒಣಮೀನು.
ಎತ್ತಿಕೊಡಲು ನಾನು ಏಳುವ ಮೊದಲೇ
ಕಾಲಿನ ಎರಡು ಬೆರಳಲ್ಲಿ ಅದನ್ನು ಹಿಡಿದು,
ಬೆನ್ನು ಒಂದಿಷ್ಟೂ ಅಲುಗದಂತೆ,
ಕಾಗೆಯತ್ತ ಚಿಮ್ಮಿದಳು.

ನಂಗೆ ಹೇಳುವವರು ಇರಲಿಲ್ಲ ಮಾರಾಯ್ತಿ,
ಎಂದಳು, ಕಾಗೆಗೋ ನನಗೋ.