ಇಪ್ಪತ್ತಕ್ಕೆ ಎಷ್ಟು

ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರು, ಓಡುವವು ಏಳು.
ಭಟ್ಟಿ ಲೇಔಟಿನ ಹೊಗೆ ಕಿಟಕಿ ಹಾದು ಬಂದು
ಕೀಬೋರ್ಡಿನ ಮೇಲೆ ಕೂರುತ್ತದೆ, ದಿನಾ ಹಾಜರಿ.

ನನ್ನ ಮುಂದೆ ಅಂಕದ ಹಾಳೆ:
ವಿನ್ಯಾಸಕ್ಕೆ ಐದು, ಕೋಡಿಗೆ ಎಂಟು,
ಪರೀಕ್ಷಿಸಿದ್ದಕ್ಕೆ ನಾಲ್ಕು, ವರದಿಗೆ ಮೂರು.

ರೇವಣಸಿದ್ಧನದು ಗ್ರಂಥಾಲಯದ ಲೆಕ್ಕ.
ಸುರುಳಿ ಬೈಂಡು, ಬಣ್ಣದ ಮುಖಪುಟ, ಒಂದೂ ತಪ್ಪಿಲ್ಲ.
‘ಈ ಸಾಲು ಯಾಕಪ್ಪ ಇಲ್ಲಿ?’ ಅಂದರೆ
ಪಿ.ಬಿ. ರಸ್ತೆಯ ಜೆರಾಕ್ಸ್ ಅಂಗಡಿ ಇರುವ ದಿಕ್ಕು ನೋಡುತ್ತಾನೆ.

ಮುಬೀನಾಳದು ಮಂಡಕ್ಕಿಯ ಲೆಕ್ಕ.
ಇಪ್ಪತ್ತು ಸೇರು ಅಂತ ಒತ್ತಿದೆ.
ಪರದೆ ಎಣಿಸಿತು: ಬರ್ಕತ್, ಎರಡು, ಮೂರು...
ಇಪ್ಪತ್ತಾದ ಮೇಲೂ ನಿಲ್ಲದೆ ಇನ್ನೊಂದು ಹಿಡಿ.

‘ಲೂಪು ಒಂದು ಸುತ್ತು ಜಾಸ್ತಿ ತಿರುಗ್ತಿದೆ, ನೋಡಮ್ಮ.’
‘ತಪ್ಪಲ್ಲ ಸಾರ್, ಅದು ಕೊಸರು.
ಮೊದಲು ತೆಗೆದಿದ್ದೆ. ಅಬ್ಬಾ ಒಪ್ಪಲಿಲ್ಲ.
ಗಿರಾಕಿ ಮತ್ತೆ ಬರೋದೇ ಆ ಹಿಡಿಗೆ ಅಂದರು.’

ಹಾಳೆ ತಿರುವಿ ನೋಡಿದೆ. ಕೊಸರಿಗೆ ಕಾಲಂ ಇಲ್ಲ.
ಉರಿಯ ಮುಂದೆ ನಿಂತು, ಅಪ್ಪನ ಮಸಿಗೈಗೆ
ಫೋನು ಕೊಟ್ಟು ಪರೀಕ್ಷಿಸಿದವಳಿಗೆ
ನಾಲ್ಕಕ್ಕೆ ನಾಲ್ಕು.
ವರದಿಗೆ ಮಾತ್ರ ಒಂದೂವರೆ; ಕಾಗುಣಿತ ಕುಂಟುತ್ತದೆ.

ನಾಳೆ ಹರಿಹರದಿಂದ ಪರಿಶೀಲಕರು ಬರುತ್ತಾರೆ.
ಅಚ್ಚುಕಟ್ಟಾಗಿದ್ದವನಿಗೆ ಹನ್ನೊಂದು,
ಎಣಿಕೆ ಮೀರಿದವಳಿಗೆ ಹದಿನೇಳೂವರೆ,
ಯಾಕ್ರೀ ಮೇಷ್ಟ್ರೇ, ಅನ್ನುತ್ತಾರೆ.
ಉತ್ತರ ಇನ್ನೂ ಹೊಂದಿಸಿಲ್ಲ.

ಕಟ್ಟು ಕಟ್ಟುವ ಮೊದಲು ಹಾಳೆ ಎಣಿಸಲು ಕೂತೆ.
ಬೆರಳು ಮೊದಲನೆಯದರ ಮೇಲಿತ್ತು.
ಒಂದು ಅನ್ನಬೇಕಾದ ಬಾಯಿಗೆ ಬಂದದ್ದು
ಕಣದಲ್ಲಿ ಜೋಳ ಅಳೆಯುವಾಗ ಅಜ್ಜಿ ಅನ್ನುತ್ತಿದ್ದುದು:
ಲಾಭ.