ಎದುರುತೂಕ

ಮಂಡ್ಯದಿಂದ ಮೈಸೂರಿಗೆ ಹೋಗುವಾಗ, ನಾಲೆ ದಾಟಿದ ಮೇಲೆ,
ಕಬ್ಬಿನ ಗದ್ದೆಗಳ ಮಧ್ಯೆ
ಎರಡಾಳೆತ್ತರಕ್ಕೆ ಒಂದು ಸಿಮೆಂಟಿನ ತೊಲೆ.
ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ,
ಒಂದು ಸುತ್ತು ಬಂದು ತನ್ನ ಬಾಲ ತಾನೇ ಹಿಡಿಯುತ್ತದೆ.
ಬಸ್ಸಿನವರು ಅದನ್ನು ನೀರಿನ ಪೈಪು ಅಂದುಕೊಂಡಿದ್ದಾರೆ.
ನಾನು ತಿದ್ದುವುದಿಲ್ಲ.
ತಿದ್ದಿದರೆ ಶ್ರೀರಂಗಪಟ್ಟಣ ಬರುವತನಕ ಮಾತಾಡಬೇಕಾಗುತ್ತದೆ.

ಅಲ್ಲೊಂದು ಪಾರ್ಕಿತ್ತು, ಪಾರ್ಕಿಗೊಂದು ರೈಲು.
ನಾಲ್ಕು ಡಬ್ಬಿ, ನಿಂಬೆಹಣ್ಣಿನ ಬಣ್ಣ, ಮೂತಿಗೆ ಒಂದೇ ದೀಪ.
ಓಡಿಸುತ್ತಿದ್ದವರು ಮಾಯಿಗಣ್ಣ,
ಮೊದಲು ಬೆಲ್ಲದ ಮಂಡಿಯಲ್ಲಿ ತೂಕಕ್ಕೆ ನಿಂತವರು.
ತೊಲೆಯ ಆಚೆಗೊಂದು ಸೀಟು, ಈಚೆಗೊಂದು ಸೀಟು;
ಹತ್ತುವ ಮುಂಚೆ ಅವರ ಕಣ್ಣು ನಮ್ಮನ್ನು
ಅಚ್ಚುಬೆಲ್ಲದ ಹಾಗೆ ಒಮ್ಮೆ ಎತ್ತಿ ಇಳಿಸುತ್ತಿತ್ತು.
"ನೀ ಅತ್ಲಾಗೆ ಕೂತ್ಕೊ. ಅವ್ವಾ, ನೀ ಇತ್ಲಾಗೆ.
ಒಂದೇ ಹಳಿ ಕಣ್ರಪ್ಪ, ವಾಲುದ್ರೆ ನನ್ನ ಕೇಳ್ಬೇಡಿ."
ಹೊಸ ಗಂಡಹೆಂಡಿರನ್ನು ಬೇರೆ ಮಾಡುತ್ತಿದ್ದರು,
ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸುತ್ತಿದ್ದರು.
ಯಾರ ಕುಲವನ್ನೂ ಕೇಳಿದವರಲ್ಲ.

ನಾನು ಭಾನುವಾರ ಒಬ್ಬಳೇ ಬರುತ್ತಿದ್ದೆ.
ಹನ್ನೊಂದು ವಯಸ್ಸು, ಕ್ಲಾಸಿಗೆಲ್ಲ ದಪ್ಪ.
ನನ್ನ ಜೊತೆ ಕೂರುವವರಿಲ್ಲದೆ
ಆ ಕಡೆಗೆ ಮರಳಿನ ಚೀಲ ಒಂದನ್ನು ಕೂರಿಸುತ್ತಿದ್ದರು,
ಸೊಂಟಕ್ಕೆ ಹಗ್ಗ ಬಿಗಿದು.
ಹುಡುಗರು ನಗುತ್ತಿದ್ದರು.
ಮಾಯಿಗಣ್ಣ ನಗದೆ
ಚೀಲಕ್ಕೂ ಒಂದು ಟಿಕೆಟ್ಟು ಹರಿಯುತ್ತಿದ್ದರು.

ಜನ ಕಡಿಮೆಯಾದ ಸಂಜೆ ಜೇಬಿಂದ ಡೈರಿ ತೆಗೆಯುವರು,
ಪೇಪರಿಂದ ಕತ್ತರಿಸಿ ಅನ್ನದ ಅಗುಳಲ್ಲಿ ಅಂಟಿಸಿದ ಚಿತ್ರಗಳು.
ಐರ್ಲೆಂಡಿನಲ್ಲೂ ಹಿಂದೆ ಹೀಗೇ ಒಂಟಿ ಹಳಿ, ಇಬ್ಬದಿಗೆ ಡಬ್ಬಿ.
ಪಿಯಾನೊ ಕಳಿಸಬೇಕಾದಾಗ ಆ ಕಡೆಗೆ ಎರಡು ಕರು ಹತ್ತಿಸಿದರಂತೆ;
ವಾಪಸ್ಸು ಬರುವಾಗ ಕರು ಅತ್ಲಾಗೊಂದು ಇತ್ಲಾಗೊಂದು.
ಪಟಿಯಾಲದಲ್ಲಿ ಒಂದು ಗಾಲಿ ಹಳಿಗೆ, ಒಂದು ಗಾಲಿ ರಸ್ತೆಗೆ,
ಎಳೆಯಲು ಹೇಸರಗತ್ತೆ.
("ನಮ್ ಹಳ್ಳಿಕಾರ್ ಎತ್ತು ಕಟ್ಟಿದ್ರೆ ಡೆಲ್ಲಿ ಮುಟ್ಸಿರೋವು.")
ಜರ್ಮನಿಯಲ್ಲಿ ಹೊಳೆಯ ಮೇಲೆ ಬಾವಲಿಯಂತೆ ನೇತಾಡುವುದು, ಇವತ್ತಿಗೂ.
ಅಮೆರಿಕದಲ್ಲಿ ಐವತ್ತೊಂಬತ್ತನೇ ಇಸವಿ, ಆಟದ ಪಾರ್ಕಿನಲ್ಲಿ ಓಡಿಸಿ,
ನಾಳೆ ಊರೂರಿಗೂ ಇದೇ ಅಂದರಂತೆ.
ಆ ನಾಳೆ ಬಹಳ ಕಡೆ
ಪಾರ್ಕಿನ ಗೇಟು ದಾಟಿ ಈಚೆಗೆ ಬರಲೇ ಇಲ್ಲ.

ಅದರಲ್ಲಿ ಅಂಥದ್ದೇನಿದೆ, ಕೇಳುತ್ತಾರೆ ನನ್ನ ಮನೆಯವರು,
ನಾನು ಗೋಡೆಗೆ ಇನ್ನೊಂದು ಚಿತ್ರ ಅಂಟಿಸುವಾಗ.
ಹೇಗೆ ಹೇಳಲಿ.
ಬೇರೆ ರೈಲಿನಲ್ಲಿ ಹಳಿ ಕಾಣುತ್ತದೆ, ಜಲ್ಲಿ ಕಾಣುತ್ತದೆ.
ಇದರಲ್ಲಿ ಕಿಟಕಿಯಿಂದ ಬಗ್ಗಿದರೆ ಕೆಳಗೆ ಏನೂ ಇಲ್ಲ,
ಗಾಳಿ, ಆಮೇಲೆ ಒಂದು ಎಮ್ಮೆಯ ಬೆನ್ನು.
ಕಬ್ಬಿನ ಸೂಲಂಗಿ ಕಣ್ಣಿನ ಸಮಕ್ಕೆ ಬರುತ್ತದೆ.
ರಬ್ಬರ್ ಗಾಲಿಗಳು ತೊಲೆಯನ್ನು ಎರಡೂ ಮಗ್ಗುಲಿಂದ ತಬ್ಬಿ
ಗುಂಯ್ ಅನ್ನುತ್ತವೆ.
ಅಷ್ಟೇ.

ಮಾಯಿಗಣ್ಣ ಹೋದದ್ದು ಪಾರ್ಕು ಮುಚ್ಚಿದ ಮೂರನೇ ವರ್ಷ.
ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಇಬ್ಬರು ಕುಳ್ಳರು,
ಇಬ್ಬರೂ ಎಡಕ್ಕೆ.
ದಾರಿಯುದ್ದಕ್ಕೂ ವಾಲುತ್ತಿತ್ತು.
ಅವರಿದ್ದಿದ್ದರೆ
ಬೈದು, ಒಬ್ಬನನ್ನು ಅತ್ಲಾಗೆ ನಿಲ್ಲಿಸುತ್ತಿದ್ದರು.

ಹೋದ ತಿಂಗಳು ಕಾವಲಿನ ಹುಡುಗ ಶೆಡ್ಡಿನ ಬೀಗ ತೆಗೆದ.
ನಿಂಬೆ ಬಣ್ಣ ಹುಣಸೆಗೆ ತಿರುಗಿದೆ.
ಸೀಟಿನಲ್ಲಿ ಚೀಲ ಇನ್ನೂ ಕೂತಿತ್ತು,
ಹೊಟ್ಟೆ ಒಡೆದು, ಅರ್ಧ ಮರಳು ಸೋರಿ,
ಉಳಿದರ್ಧದಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು.
ನಾನು ಈಚೆ ಬದಿಗೆ, ನನ್ನ ಹಳೇ ಜಾಗಕ್ಕೆ, ಮೆಲ್ಲಗೆ ಹತ್ತಿದೆ.
ಡಬ್ಬಿ ಕಿರ್ರ್ ಎಂದು ನನ್ನ ಕಡೆಗೇ ವಾಲಿತು.
"ಎಷ್ಟು ಕೇಜಿ ಮೇಡಂ ನೀವು?"
ಹೇಳಿದೆ. ನಿಜವನ್ನೇ.
ಹುಡುಗ ಸ್ವಲ್ಪ ಯೋಚಿಸಿ, ಕೋಳಿಗೆ ತಾಗದ ಹಾಗೆ,
ಆ ಕಡೆಯ ಮೆಟ್ಟಿಲಿಗೆ ಕಾಲಿಟ್ಟ.