ಬರೀ ಗಾಳಿ

ಶ್ರೇಣಿಕ ಡಬ್ಬಿ ಬಿಚ್ಚಿದ. ಒಳಗ ಹೆಬ್ಬೆರಳಷ್ಟು ಲೋಹ,
ತುದಿಗೆ ಸಣ್ಣ ಸಣ್ಣ ತೂತು, ಹಿಂದ ಬಣ್ಣದ ವೈರು.
"ಕಾಕಾ, ಹೊಗಿ ಒಳಗ ಆಕ್ಸಿಜನ್ ಎಷ್ಟು ಉಳದೇತಿ
ಇದು ಹೇಳತೈತಿ."
ಮೂಗು ಅನ್ನು, ಅಂದೆ.

ಇಪ್ಪತ್ತೆಂಟು ವರ್ಷ ಉದ್ಯಮಬಾಗದಾಗ
ಈ ಕೆಲಸ ಮೂಗಿಲೇ ಮಾಡೇನಿ.
ಸೈಲೆನ್ಸರ್ ಹಿಂದ ಕುಕ್ಕರಗಾಲಿಲೆ ಕುಂತು
ಒಂದು ಉಸಿರು ಎಳಕೊಂಡ್ರ ಸಾಕು:
ಕಣ್ಣು ಚುರ್ ಅಂದ್ರ ಪೆಟ್ರೋಲ್ ಜಾಸ್ತಿ,
ಕಾದ ತಗಡಿನ ಒಣ ವಾಸನಿ ಬಂದ್ರ ಎಂಜಿನ್ ಉಪವಾಸ.
ಆಮ್ಯಾಲೆ ಸಾಕ್ಷಿಗೆ ಪ್ಲಗ್ ಬಿಚ್ಚಿ ನೋಡೂದು:
ಮಸಿ ಇದ್ರ ಹೊಟ್ಟಿಬಾಕ, ಸುಣ್ಣ ಇದ್ರ ಹಸದಾಂವ,
ಹಾಲು ಕಡಿಮಿ ಹಾಕಿದ ಚಾದ ಬಣ್ಣ ಇದ್ರ
ಹೋಗಪಾ, ಗೋವಾ ಮುಟ್ಟತಿ.

ಎರಡು ವರ್ಷದ ಹಿಂದ ಜ್ವರ ಬಂತು, ಹತ್ತು ದಿನಕ್ಕ ಇಳೀತು.
ಹೋಗುವಾಗ ಮೂಗಿನ್ಯಾಗಿಂದು ಎಲ್ಲಾ ಬಳಕೊಂಡು ಹೋತು.
ಬಾಜೂಕಿನ ಫೌಂಡ್ರಿಯ ಸುಟ್ಟ ಮರಳು,
ವಡಗಾಂವಿ ಓಣ್ಯಾಗ ನೂಲಿಗೆ ಹಚ್ಚೂ ಗಂಜಿ,
ಇಂದುಮತಿ ತಲಿಗೆ ಹಚ್ಚೂ ಎಣ್ಣಿ.
ಅದರ ಹೆಸರು ಗೊತ್ತು, ಬಾಟ್ಲಿ ಬಣ್ಣ ಗೊತ್ತು. ಅಷ್ಟ.
ಒಮ್ಮೆ ಹಾಲು ಹೊತ್ತಿ ಪಾತೇಲಿ ಕರ್ರಗಾಗೂತನಾ
ಅದರ ಬಾಜೂಕ ನಿಂತು ಪೇಪರ್ ಓದಾಕತ್ತಿದ್ದೆ.
ಗ್ಯಾರೇಜಿನ್ಯಾಗ ಯಾರಿಗೂ ಹೇಳಿಲ್ಲ.
ಬಗ್ಗತೀನಿ, ಎಳಕೋತೀನಿ, ತಲಿ ಆಡಸತೀನಿ,
ಹುಡುಗೂರ ಮಾರಿ ನೋಡಿ ಉತ್ತರ ಹೇಳತೀನಿ.

ಇರಲಿ, ಕೆಲಸಕ್ಕ ಬರೂಣು.
ಟರ್ಬೊಗೆ ಹತ್ತಿ ಕುಂದರಿಸಿದ್ರ ಕೆಂಡದಾಗ ಮೂಗಿಟ್ಟಂಗ.
ಬಾಳ ಹಿಂದ ಹಾಕಿದ್ರ ಸುದ್ದಿ ತಂಗಳಾಗಿ ಬರತೈತಿ.
ಎರಡು ಮೊಳ ಬಿಟ್ಟು ಗುರುತು ಹಾಕಿದೆ.
ಪೈಪಿನ ತಳಕ್ಕ ಬ್ಯಾಡ, ಮುಂಜಾನಿ ನೀರು ನಿಲ್ಲತೈತಿ;
ಗಡಿಯಾರದ ಹತ್ತರ ಕಡೆ ವಾರಿ ಮಾಡಿ ತೂತು ಕೊರದೆ.
ನಜೀರ ಬೇಪಾರಿ ಹದಿನೆಂಟರ ಥ್ರೆಡ್ಡಿನ ಬುಷ್ ಇಟ್ಟು
ಸುತ್ತ ಬೆಸುಗಿ ಹಾಕಿದ, ಕೌದಿ ಹೊಲದಂಗ.
ತಾಮ್ರದ ಪೇಸ್ಟು ಥ್ರೆಡ್ಡಿಗೆ ಅಷ್ಟ.
ತುದಿಗೆ ಹತ್ತಿದ್ರ ಇದೂ ನನ್ನಂಗ.

ತಿರುವಾಕ ಹೋದ್ರ ಶ್ರೇಣಿಕ ಕೈ ಹಿಡದ.
"ತಡೀರಿ. ಇದಕ್ಕ ಮೊದಲ ಬರೀ ಗಾಳಿ ತೋರಸಬೇಕಂತ.
ಚಲೋ ಗಾಳಿ ಯಾವದು ಅಂತ ತಿಳದ ಮ್ಯಾಲೆ
ಉಳದದ್ದನ್ನ ಅಳೀತೈತಿ."
ಉದ್ಯಮಬಾಗದಾಗ ಚಲೋ ಗಾಳಿ!
ನಜೀರ ಮುಸುಕು ಮ್ಯಾಲೆತ್ತಿ ನಕ್ಕ.
ವೈರ್ ಉದ್ದ ಮಾಡಿ ಹಿತ್ತಲಕ್ಕ ಒಯ್ದು
ಚಿಂದಿ ಒಣಹಾಕೂ ತಂತಿಗೆ ಜೋತು ಬಿಟ್ವಿ.
ಫೌಂಡ್ರಿಗೆ ಅವತ್ತು ಸೂಟಿ,
ಖಾನಾಪುರ ಕಡೆಯಿಂದ ಗಾಳಿ ಬೀಸಾಕತ್ತಿತ್ತು.
ಅದು ಒಳಗೊಳಗ ಕಾದು, ತೂಗಾಡಕೋತ, ಕಲಿಯಾಕತ್ತಿತ್ತು.
ನಾನೂ ಬಾಜೂಕ ನಿಂತೆ.
ಯಾಕ ಅಂತ ಯಾರೂ ಕೇಳಲಿಲ್ಲ.

ಸಂಜಿಕ ವಂಟಮುರಿ ಘಾಟು.
ಏರಿನ್ಯಾಗ ಟರ್ಬೊ ಸಿಳ್ಳು ಹಾಕಿತು, ಬೆನ್ನು ಸೀಟಿಗೆ ಅಂಟಿತು,
ಮೀಟರಿನ್ಯಾಗ ಹದಿನಾಲ್ಕು, ಹದಿಮೂರು, ಹನ್ನೊಂದೂವರಿ.
"ಬರಾಬರಿ ಏನ್ರಿ?"
ಬರಾಬರಿ. ಭಾರ ಹೊರೂ ಮುಂದ ಹೊಟ್ಟಿತುಂಬ ಉಣಬೇಕು.
ಎರಡು ವರ್ಷದಾಗ, ಯಾರ ಮಾರೀನೂ ನೋಡದ
ಹೇಳಿದ ಮೊದಲನೇ ಮಾತು.

ಇಳಕಲಿನ್ಯಾಗ ಅಂವ ಕಾಲು ತಗದ. ಪೆಟ್ರೋಲ್ ಬಂದ್.
ಅಂಕಿ ಏರಿ ಏರಿ ಕಡೀಕ ಎರಡು ಗೆರಿ ಆಗಿ ನಿಂತವು.
"ಕೆಟ್ಟಿತೇನ್ರಿ?" ಗಾಬರಿ ಆದ.
ಇಲ್ಲೋ. ಒಳಗ ಬೆಂಕಿ ಇಲ್ಲ ಈಗ,
ಎಳಕೊಂಡದ್ದನ್ನ ಹಂಗ ಬಿಡಾಕತ್ತೇತಿ.
ಹಿತ್ತಲದಾಗ ಕಲ್ತದ್ದನ್ನ ಹೇಳಾಕತ್ತೇತಿ: ಬರೀ ಗಾಳಿ.
ಈ ವಾಸನಿ ನನಗೂ ಗೊತ್ತು.

ಕೆಳಗ ಚಾದಂಗಡಿ. ಗಾಡಿ ಚಾಲೂ ಇಟ್ಟು ಇಳದ್ವಿ.
ರೂಢಿ ಬಿಡೂದಿಲ್ಲ ನೋಡ್ರಿ, ಹಿಂದ ಹೋಗಿ ಬಗ್ಗಿದೆ.
ಶ್ರೇಣಿಕ ಮೀಟರ್ ಕಡೆ ನೋಡಲಿಲ್ಲ.
ಕಪ್ಪು ಕೈಯಾಗ ಹಿಡಕೊಂಡು ನನ್ನ ಮಾರಿ ನೋಡಿದ:
"ಹೆಂಗೈತಿ, ಕಾಕಾ?"